ಸೇನಾ ನೆಲೆಯ ಪಕ್ಕದ ಪೈನ್ ಕಾಡು: ನೆಲ ಉಳಿಸಿಕೊಂಡು ಹಕ್ಕು ಮಾರಬಹುದೆ?

ಪ್ರಶ್ನೆ:

ಮೇಡಂ, ನಮಸ್ಕಾರ. ನಾನು ಉತ್ತರ ಕೆರೊಲೈನಾದ ರಾಲಿಯಲ್ಲಿ ಕೆಲಸ ಮಾಡುತ್ತೇನೆ. ಆರು ವರ್ಷದ ಹಿಂದೆ ಮೂರ್ ಕೌಂಟಿಯಲ್ಲಿ 62 ಎಕರೆ ಪೈನ್ ಕಾಡು ಕೊಂಡೆ. ಫೋರ್ಟ್ ಬ್ರ್ಯಾಗ್ ಸೇನಾ ನೆಲೆ ಅಲ್ಲಿಂದ ದೂರವಿಲ್ಲ, ರಾತ್ರಿ ಫಿರಂಗಿಯ ಸದ್ದು ಕೇಳುತ್ತದೆ. ಮುಂದೊಂದು ದಿನ ಲೇಔಟ್ ಮಾಡುವ ಯೋಚನೆಯಿತ್ತು. ಈಗ ಒಂದು ಭೂ ಸಂರಕ್ಷಣಾ ಟ್ರಸ್ಟಿನಿಂದ ಪತ್ರ ಬಂದಿದೆ. ಮನೆಗಳನ್ನು ಕಟ್ಟುವ ಹಕ್ಕನ್ನು ಬಿಟ್ಟುಕೊಟ್ಟರೆ ಹಣ ಕೊಡುತ್ತೇವೆ, ಅದರಲ್ಲಿ ಒಂದು ಪಾಲು ಸೇನೆಯದು ಎಂದು ಬರೆದಿದ್ದಾರೆ. ನಮ್ಮ ಅಜ್ಜನ ಗದ್ದೆ, ತೋಟ ಎರಡೂ ಶರಾವತಿಯ ಹಿನ್ನೀರಿನಲ್ಲಿ ಮುಳುಗಿದವು. ಹಾಗಾಗಿ ಈ ಪತ್ರ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಇವತ್ತು ಹಕ್ಕು ಕೇಳಿದವರು ನಾಳೆ ನೆಲವನ್ನೇ ಕೇಳುವುದಿಲ್ಲವೆ? ನೆಲ ಬೇಡ ಎನ್ನುವವರು ಹಣ ಏಕೆ ಕೊಡುತ್ತಾರೆ?

ಉತ್ತರ (ಭೂ ಸಂರಕ್ಷಣಾ ಒಪ್ಪಂದಗಳನ್ನು ಸಿದ್ಧಪಡಿಸುವ ವೃತ್ತಿಯವರು):

ನಮಸ್ಕಾರ ಸರ್. ಮುಳುಗಡೆಯ ಮನೆಯವರ ಅಂಜಿಕೆ ನನಗೆ ಅರ್ಥವಾಗುತ್ತದೆ. ನಾನು ಶಿರಸಿ ಕಡೆಯವಳು, ಆದ್ದರಿಂದ ಊರಿನ ಉದಾಹರಣೆಯಿಂದಲೇ ಶುರು ಮಾಡುತ್ತೇನೆ. ಅಡಿಕೆ ತೋಟಕ್ಕೆ ಹೊಂದಿಕೊಂಡ ಸೊಪ್ಪಿನಬೆಟ್ಟ ನಿಮಗೆ ಗೊತ್ತಲ್ಲ? ಬೆಟ್ಟ ಸರ್ಕಾರದ್ದು, ಸೊಪ್ಪು ಕಡಿದು ದರಗೆಲೆ ತರುವ ಹಕ್ಕು ತೋಟದವರದ್ದು. ಒಂದೇ ನೆಲದ ಮೇಲೆ ಇಬ್ಬರ ಹಕ್ಕು. ಸಂರಕ್ಷಣಾ ಈಸ್‌ಮೆಂಟ್ ಎಂದರೆ ಅದೇ ಏರ್ಪಾಡು ತಿರುಗುಮುರುಗಾದಂತೆ. ನೆಲ ನಿಮ್ಮದು, ಕ್ರಯಪತ್ರ ನಿಮ್ಮ ಹೆಸರಿನಲ್ಲಿ, ಬೇಕಾದರೆ ಮಾರಬಹುದು, ಮಕ್ಕಳಿಗೆ ಬರೆದುಕೊಡಬಹುದು. ತುಂಡು ಹಾಕಿ ಬಡಾವಣೆ ಮಾಡುವ ಹಕ್ಕನ್ನು ಮಾತ್ರ ಟ್ರಸ್ಟು ಕೊಂಡು, ಯಾರೂ ಬಳಸದಂತೆ ತನ್ನ ಬಳಿ ಇಟ್ಟುಕೊಳ್ಳುತ್ತದೆ.

ಸೇನೆಗೆ ಇದರಿಂದ ಏನು ಸಿಗುತ್ತದೆ ಎನ್ನುವುದಕ್ಕೆ ಒಂದು ಹಕ್ಕಿಯ ಕಥೆ ಹೇಳಬೇಕು. ಈ ಸೀಮೆಯಲ್ಲಿ ರೆಡ್ ಕಾಕೇಡೆಡ್ ಎಂಬ ಮರಕುಟಿಗವಿದೆ. ಬಿಳಿ ಕೆನ್ನೆ, ಬೆನ್ನಿನ ಮೇಲೆ ಏಣಿಯ ಮೆಟ್ಟಿಲಿನಂಥ ಪಟ್ಟೆ. ಬೇರೆ ಮರಕುಟಿಗಗಳು ಒಣಮರ ಹುಡುಕುತ್ತವೆ, ಇದು ಜೀವಂತ ಪೈನ್ ಮರವನ್ನೇ ಕೊರೆಯುತ್ತದೆ. ಒಂದು ಪೊಟರೆಗೆ ವರ್ಷಗಳೇ ಹಿಡಿಯುತ್ತವೆ. ಅದಕ್ಕೆ ಬೇಕಾದದ್ದು ಹಳೆಯ ಮರ, ವಿಶೇಷವಾಗಿ ಉದ್ದ ಸೂಜಿಯೆಲೆಯ ಲಾಂಗ್‌ಲೀಫ್ ಪೈನ್. ಅಮೆರಿಕದ ಆಗ್ನೇಯ ಭಾಗದಲ್ಲಿ ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆಯಲ್ಲಿದ್ದ ಈ ಕಾಡು ಮರ, ರಾಳ ಮತ್ತು ಬೇಸಾಯಕ್ಕಾಗಿ ಕಡಿದು ಸುಮಾರು 30 ಲಕ್ಷ ಎಕರೆಗೆ ಇಳಿಯಿತು. ಈ ಕಾಡಿಗೆ ಆಗಾಗ ನೆಲಬೆಂಕಿಯೂ ಬೇಕು. ಬೆಂಕಿ ಬೀಳದಿದ್ದರೆ ಓಕ್ ಪೊದೆಗಳು ಎದ್ದು ಪೈನ್ ಸಸಿಗಳನ್ನು ಮುಚ್ಚಿಬಿಡುತ್ತವೆ. ಫೋರ್ಟ್ ಬ್ರ್ಯಾಗ್‌ನ ಸುಮಾರು 1,60,000 ಎಕರೆಯಲ್ಲಿ ಫಿರಂಗಿ ಗುಂಡಿನ ಕಿಡಿಗಳೇ ದಶಕಗಟ್ಟಲೆ ಆ ಕೆಲಸ ಮಾಡಿದವು. ಹೊರಗಡೆ ಕಾಡು ಅಳಿಯುತ್ತಿದ್ದಾಗ ಒಳಗಡೆ ಉಳಿದದ್ದು ಹೀಗೆ. ನನಗೆ ಇದು ಇವತ್ತಿಗೂ ಬೆರಗು.

1970ರಲ್ಲಿ ಈ ಹಕ್ಕಿ ಅಳಿವಿನಂಚಿನ ಪಟ್ಟಿಗೆ ಸೇರಿತು. 1990ರ ದಶಕದ ಆರಂಭದಲ್ಲಿ, ಗೂಡುಮರಗಳ ಸುತ್ತ 200 ಅಡಿಯೊಳಗೆ ವಾಹನ, ಬಿಡಾರ, ಗುಂಡಿ ತೋಡುವುದು ಎಲ್ಲಕ್ಕೂ ನಿರ್ಬಂಧ ಬಂದು ಸೈನಿಕರ ಅಭ್ಯಾಸಕ್ಕೇ ತೊಡಕಾಯಿತು. ನೆಲೆಯ ಹೊರಗೆ ಮನೆಗಳು ಎದ್ದಷ್ಟೂ ಹಕ್ಕಿಗೆ ಒಳಗಿನ ಕಾಡೊಂದೇ ಗತಿ, ಒಳಗೆ ಹಕ್ಕಿಯನ್ನು ಕಾಯುವ ಹೊರೆಯೆಲ್ಲ ಸೇನೆಯ ತಲೆಯ ಮೇಲೆ. ಅದಲ್ಲದೆ ಬಡಾವಣೆಯ ದೀಪಗಳಿದ್ದರೆ ಕತ್ತಲೆಯ ಅಭ್ಯಾಸ ಕೆಡುತ್ತದೆ. ಸದ್ದಿಗೂ ಹೊಗೆಗೂ ನೆರೆಯವರು ದೂರು ಕೊಡುತ್ತಾರೆ. ಹಾಗಾಗಿ 1995ರಲ್ಲಿ ಸೇನೆಯು ದಿ ನೇಚರ್ ಕನ್ಸರ್ವೆನ್ಸಿ ಎಂಬ ಸಂಸ್ಥೆಯ ಜೊತೆ ಕೈಜೋಡಿಸಿ, ಒಪ್ಪಿದ ಮಾಲೀಕರಿಂದ ಸುತ್ತಲಿನ ಕಾಡನ್ನೋ ಅದರ ಹಕ್ಕನ್ನೋ ಕೊಳ್ಳಲು ಹಣ ಹೊಂದಿಸತೊಡಗಿತು. 2002ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಇದನ್ನೇ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಮಾಡಿತು. ಈಗ ‘ರೆಪಿ’ ಎಂದು ಕರೆಯುವ ಯೋಜನೆ ಅದೇ. ನೂರಕ್ಕೂ ಹೆಚ್ಚು ನೆಲೆಗಳ ಸುತ್ತ 10 ಲಕ್ಷ ಎಕರೆಗೂ ಮಿಕ್ಕಿ ಭೂಮಿ ಹೀಗೆ ಉಳಿದಿದೆ. ಫೋರ್ಟ್ ಬ್ರ್ಯಾಗ್ ಇರುವ ಈ ಸ್ಯಾಂಡ್‌ಹಿಲ್ಸ್ ಸೀಮೆಯ ಮರಕುಟಿಗಗಳು 2006ರಲ್ಲೇ ಚೇತರಿಕೆಯ ಗುರಿ ಮುಟ್ಟಿದವು. 2024ರಲ್ಲಿ ಇಡೀ ಜಾತಿಯನ್ನು ‘ಅಳಿವಿನಂಚು’ ಎಂಬುದರಿಂದ ‘ಅಪಾಯದಲ್ಲಿರುವ’ ಎಂಬ ಕೆಳಗಿನ ಪಟ್ಟಿಗೆ ಇಳಿಸಿದರು.

ನಿಮ್ಮ ನಿಜವಾದ ಪ್ರಶ್ನೆ ‘ನಾಳೆ’ಯದು. ಈ ಯೋಜನೆಯಲ್ಲಿ ಒಪ್ಪಿದವರಿಂದ ಮಾತ್ರ ಕೊಳ್ಳುತ್ತಾರೆ. ಪತ್ರ ಹರಿದು ಹಾಕಿದರೂ ನಿಮ್ಮ ಮೇಲೆ ಯಾರ ಹಂಗೂ ಇಲ್ಲ. ನಿಮ್ಮ ಅಜ್ಜನಿಗೆ ‘ಬೇಡ’ ಎನ್ನುವ ಅವಕಾಶವಿರಲಿಲ್ಲ, ನಿಮಗೆ ಇದೆ. ಆದರೆ ಒಂದು ಕಲಮನ್ನು ಕಣ್ಣಿಟ್ಟು ಓದಿ: ಅಗತ್ಯ ಬಿದ್ದರೆ ಟ್ರಸ್ಟು ತಾನು ಕೊಂಡದ್ದನ್ನು ಸರ್ಕಾರಕ್ಕೆ ವರ್ಗಾಯಿಸಬೇಕು ಎಂಬ ಅರ್ಥದ ಷರತ್ತು ಇಂಥ ಪತ್ರಗಳಲ್ಲಿ ಬರುತ್ತದೆ. ಟ್ರಸ್ಟಿನ ಬಳಿ ಇರುವುದು ಈಸ್‌ಮೆಂಟ್ ಮಾತ್ರವಾದರೆ ವರ್ಗವಾಗುವುದೂ ಅಷ್ಟೇ, ನಿಮ್ಮ ನೆಲ ಅದರೊಂದಿಗೆ ಹೋಗುವುದಿಲ್ಲ. ವಕೀಲರಿಂದ ಆ ಸಾಲನ್ನು ಓದಿಸಿಕೊಳ್ಳದೆ ಸಹಿ ಹಾಕಬೇಡಿ.

ಇನ್ನೊಂದು, ಇದು ಶಾಶ್ವತ. ಊರಿನಲ್ಲಿ ಪಹಣಿಯ 11ನೇ ಕಾಲಂನಲ್ಲಿ ಋಣ ನಮೂದಾದರೆ ಸಾಲ ತೀರಿಸಿ ಅಳಿಸಬಹುದು, ಇದನ್ನು ಅಳಿಸುವಂತಿಲ್ಲ. ಮಗಳಿಗೆ ಮುಂದೆ ಅಲ್ಲೊಂದು ಮನೆ ಬೇಕಾಗಬಹುದು ಎಂದಿದ್ದರೆ ಜಾಗ ಗುರುತಿಸಿ ಈಗಲೇ ಪತ್ರದಲ್ಲಿ ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ಯಾರ ಕೈಯಲ್ಲೂ ಆಗುವುದಿಲ್ಲ. ಜಮೀನಿನ ಮೇಲೆ ಬ್ಯಾಂಕ್ ಸಾಲವಿದ್ದರೆ, ತನ್ನ ಹಕ್ಕು ಈಸ್‌ಮೆಂಟಿನ ನಂತರದ್ದು ಎಂದು ಬ್ಯಾಂಕು ಬರೆದುಕೊಡಬೇಕು. ಕೆಲಸ ತಿಂಗಳುಗಟ್ಟಲೆ ನಿಲ್ಲುವುದು ಸಾಮಾನ್ಯವಾಗಿ ಇಲ್ಲೇ. ಪೈನ್ ದರಗೆಲೆಯ ಬಗ್ಗೆಯೂ ಕೇಳಿ. ಅದನ್ನು ಗುಡಿಸಿ ಕಟ್ಟು ಕಟ್ಟಿ, ತೋಟದ ಗಿಡಗಳ ಬುಡಕ್ಕೆ ಹೊದಿಸಲು ಮಾರುವುದು ಈ ಭಾಗದ ಒಳ್ಳೆಯ ಆದಾಯ. ಪ್ರತಿ ವರ್ಷ ಗುಡಿಸಿದರೆ ನೆಲಬೆಂಕಿಗೆ ಉರುವಲೇ ಉಳಿಯುವುದಿಲ್ಲವಾದ್ದರಿಂದ ಟ್ರಸ್ಟುಗಳು ಅದಕ್ಕೆ ಮಿತಿ ಹಾಕುತ್ತವೆ.

ಮತ್ತೊಬ್ಬ ಸದಸ್ಯರ ಪ್ರಶ್ನೆ:

ಅಕ್ಕಾ, ನಮ್ಮ ಚಿಕ್ಕಪ್ಪ ಬೆಂಗಳೂರಿನ ಯಲಹಂಕ ವಾಯುಪಡೆ ನೆಲೆಯ ಹತ್ತಿರ ಮನೆ ಕಟ್ಟುವಾಗ ನಿರಾಕ್ಷೇಪಣಾ ಪತ್ರಕ್ಕೆ ಅಲೆದರು. ಅಲ್ಲಿ ನಿರ್ಬಂಧ ಮಾತ್ರ, ಇಲ್ಲಿ ಹಣವೂ ಇದೆ. ಏಕೆ ಈ ವ್ಯತ್ಯಾಸ?

ಉತ್ತರ:

ಭಾರತದಲ್ಲಿ 1903ರ ರಕ್ಷಣಾ ಕಾಮಗಾರಿಗಳ ಕಾಯ್ದೆ ಇದೆ. ಅದರ ಪ್ರಕಾರ ಅಧಿಸೂಚನೆ ಹೊರಡಿಸಿ ಸುತ್ತಲಿನ ಕಟ್ಟಡಗಳನ್ನು ನಿರ್ಬಂಧಿಸಬಹುದು. ನಷ್ಟವಾದವರಿಗೆ ಪರಿಹಾರ ಕೊಡುವ ವಿಧಿಯೂ ಅದರಲ್ಲೇ ಇದೆ. ನಿರಾಕ್ಷೇಪಣಾ ಪತ್ರದ ನಿಯಮಗಳು ಇದರ ಜೊತೆಗೆ ಆಡಳಿತದ ಆದೇಶಗಳಿಂದ ಬಂದಂಥವು. ಅಲ್ಲಿ ನಿಯಮ ಮೊದಲು, ಮಾಲೀಕನ ಒಪ್ಪಿಗೆಯನ್ನು ಕೇಳುವ ಪ್ರಸಂಗವೇ ಬರುವುದಿಲ್ಲ. ಭಾರತದಲ್ಲೂ ಒಪ್ಪಿಗೆ ಕೇಳಿ ಬೆಲೆ ಕೊಡುವ ದಾರಿಯೊಂದು ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಒಪ್ಪಿ ಬಿಟ್ಟ ನೆಲವನ್ನು ಜನ ತಾವೇ ಕಾಯುತ್ತಾರೆ.

ಇನ್ನೊಬ್ಬರು:

ಬೆಲೆ ಹೇಗೆ ಕಟ್ಟುತ್ತಾರೆ? ತೆರಿಗೆ?

ಉತ್ತರ:

ಬಡಾವಣೆ ಮಾಡಬಹುದಾದ ಜಮೀನಿಗೆ ಎಷ್ಟು, ಮಾಡಲಾಗದ ಅದೇ ಜಮೀನಿಗೆ ಎಷ್ಟು ಎಂದು ಅರ್ಹ ಮೌಲ್ಯಮಾಪಕರು ಎರಡು ಬೆಲೆ ಕಟ್ಟುತ್ತಾರೆ. ನಡುವಿನ ಅಂತರವೇ ಹಕ್ಕಿನ ಬೆಲೆ. ಅದಕ್ಕಿಂತ ಕಡಿಮೆಗೆ ಮಾರಿದರೆ ಬಿಟ್ಟ ಮೊತ್ತ ದಾನವಾಗಿ ಪರಿಗಣಿತವಾಗಬಹುದು. ಆದಾಯದ ಶೇಕಡ 50ರವರೆಗೆ ಕಳೆದು, ಉಳಿದದ್ದನ್ನು 15 ವರ್ಷ ಮುಂದಕ್ಕೆ ಒಯ್ಯಬಹುದು. ನಿಮ್ಮ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ. ತೆರಿಗೆ ಉಳಿತಾಯವನ್ನೇ ಮುಂದಿಟ್ಟುಕೊಂಡು ಬರುವ ದಲ್ಲಾಳಿಗಳಿಂದ ದೂರವಿರಿ.

ಮೂಲ ಪ್ರಶ್ನೆ ಕೇಳಿದವರು:

ಮೇಡಂ, ನಿನ್ನೆ ಕಾಡಿಗೆ ಹೋಗಿದ್ದೆ. ಎರಡು ಹಳೆಯ ಪೈನ್ ಮರಗಳ ಮೇಲೆ, ಮೇಣದ ಬತ್ತಿ ಕರಗಿ ಇಳಿದಂತೆ ಬಿಳಿಯ ಅಂಟು ಸುರಿದಿದೆ. ಮೇಲೆ ದುಂಡಗಿನ ತೂತು. ಇದು ಆ ಹಕ್ಕಿಯದೇ ಆಗಿದ್ದರೆ ನನ್ನ ಕೈ ಕಟ್ಟಿದಂತಲ್ಲವೆ? ಯಾರಿಗೂ ಹೇಳದಿರುವುದು ಒಳ್ಳೆಯದೆಂದು ಸ್ನೇಹಿತರು ಹೇಳುತ್ತಾರೆ.

ಉತ್ತರ:

ಸರ್, ನೀವು ಬರೆದದ್ದು ಓದಿ ತುಂಬಾ ಸಂತೋಷವಾಯಿತು. ಅದು ಹಕ್ಕಿಯೇ ಕೊರೆದು ಹರಿಸಿದ ರಾಳವಿರಬೇಕು. ಪೊಟರೆಯ ಸುತ್ತ ಸಣ್ಣ ಸಣ್ಣ ತೂತು ಮಾಡಿ ರಾಳ ಇಳಿಯುತ್ತಲೇ ಇರುವಂತೆ ನೋಡಿಕೊಳ್ಳುತ್ತದೆ. ಮರ ಹತ್ತಿ ಮೊಟ್ಟೆ ತಿನ್ನುವ ಹಾವಿಗೆ ಅದೇ ತಡೆ.

ನಿಮ್ಮ ಸ್ನೇಹಿತರ ಮಾತು ಇಲ್ಲಿ ಹಳೆಯದು. ಹಿಂದೆ ಎಷ್ಟೋ ಮಾಲೀಕರು ಹಕ್ಕಿ ಬಂದೀತೆಂಬ ಭಯಕ್ಕೇ ಹಳೆಯ ಮರಗಳನ್ನು ಕಡಿದುಬಿಟ್ಟರು. ಆ ಭಯ ಕಳೆಯಲೆಂದೇ 1995ರಲ್ಲಿ, ದೇಶದಲ್ಲೇ ಮೊದಲು ಈ ಸ್ಯಾಂಡ್‌ಹಿಲ್ಸ್‌ನಲ್ಲಿ, ‘ಸೇಫ್ ಹಾರ್ಬರ್’ ಒಪ್ಪಂದ ಬಂತು. ಪೈನ್‌ಹರ್ಸ್ಟ್‌ನ ಗಾಲ್ಫ್ ರೆಸಾರ್ಟ್ ಮೊದಲು ಸೇರಿದವರಲ್ಲಿ ಒಂದು. ಸೇರುವ ದಿನ ಎಷ್ಟು ಹಕ್ಕಿಕುಟುಂಬಗಳಿವೆಯೋ ಅಷ್ಟರ ಹೊಣೆ ಮಾತ್ರ ನಿಮ್ಮದು. ನೀವು ಕಾಡು ಚೆನ್ನಾಗಿ ನೋಡಿಕೊಂಡು ಹೊಸ ಕುಟುಂಬ ಬಂದರೆ ಅದಕ್ಕಾಗಿ ಹೆಚ್ಚಿನ ಕಟ್ಟುಪಾಡು ಹೇರುವುದಿಲ್ಲ. ಹಕ್ಕಿ ಈಗಾಗಲೇ ಅಲ್ಲಿದ್ದರೆ ಆ ಎರಡು ಮರಗಳನ್ನು ಒಪ್ಪಂದವಿದ್ದರೂ ಇಲ್ಲದಿದ್ದರೂ ಕಡಿಯುವಂತಿಲ್ಲ, ಅದು ನಿಜ. ಆದರೆ ಗೂಡಿರುವ ಜಮೀನಿನ ಮೇಲೆ ಟ್ರಸ್ಟಿಗೂ ಸೇನೆಗೂ ಆಸಕ್ತಿ ಹೆಚ್ಚು. ಮಾತುಕತೆಯಲ್ಲಿ ಅದು ನಿಮಗೆ ಬಲ.

ಸದ್ಯಕ್ಕೆ ಆ ಮರಗಳ ಹತ್ತಿರ ಗರಗಸ, ಟ್ರ್ಯಾಕ್ಟರ್ ಯಾವುದೂ ಹೋಗದಿರಲಿ, ರಾಳವನ್ನು ಕೆರೆಯಬೇಡಿ. ಒಂದು ದಿನ ಬೆಳಕು ಹರಿಯುವ ಮೊದಲೇ ಹೋಗಿ ದೂರದಲ್ಲಿ ಕುಳಿತುಕೊಳ್ಳಿ. ಹಕ್ಕಿ ರಾತ್ರಿ ಪೊಟರೆಯಲ್ಲೇ ಮಲಗುತ್ತದೆ, ಸೂರ್ಯೋದಯದ ಹೊತ್ತಿಗೆ ಹೊರಬರುತ್ತದೆ. ಕಂಡರೆ ಸಮಯ ಬರೆದಿಟ್ಟುಕೊಂಡು ಫೋಟೊ ನನಗೆ ಕಳುಹಿಸಿ.