ಇಂದಿರಾ ಗಾಂಧಿ ಹತ್ಯೆಯಾದ ದಿನ: ಅಮ್ಮ ಹೇಳಿದ್ದನ್ನು ಹಾಗೇ ಬರೆಯಲಾ, ತಿದ್ದಲಾ?

ಚಿಕ್ಕಮಗಳೂರಿನ ಮಗಳು:
ಮುಂದಿನ ವರ್ಷ ನಮ್ಮಮ್ಮನಿಗೆ 75 ತುಂಬುತ್ತದೆ. ಅವರ ನೆನಪುಗಳನ್ನು ಸೇರಿಸಿ ಮನೆಮಂದಿಗೆ ಹಂಚಲು ಒಂದು ಪುಟ್ಟ ಪುಸ್ತಕ ಮಾಡುತ್ತಿದ್ದೇನೆ. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಗೆ ವೋಟು ಹಾಕಿದವರು ಅಮ್ಮ. 1984ರ ಅಕ್ಟೋಬರ್ 31ರಂದು ಎಲ್ಲಿದ್ದಿರಿ ಅಂತ ಕೇಳಿದರೆ, "ದೀಪಾವಳಿಗೆ ಚಕ್ಕುಲಿ ಕರೀತಿದ್ದೆ, ರೇಡಿಯೋದಲ್ಲಿ ಹೇಳಿದರು, ಒಲೆ ಆರಿಸಿಬಿಟ್ಟೆ" ಅನ್ನುತ್ತಾರೆ. ಆದರೆ ಆ ವರ್ಷ ದೀಪಾವಳಿ ಅಮಾವಾಸ್ಯೆ ಅಕ್ಟೋಬರ್ 24ಕ್ಕೇ ಬಂದು ಹೋಗಿತ್ತು. ಸೋದರಮಾವ ಪ್ರತಿ ಸಲ ಇದನ್ನು ಎತ್ತಿ ತೋರಿಸುತ್ತಾರೆ. ಈಗ ಅಮ್ಮ ಆ ದಿನದ ಮಾತನ್ನೇ ಆಡುತ್ತಿಲ್ಲ. ಹಿರಿಯರ ಇಂಥ ನೆನಪುಗಳನ್ನು ಬರೆದಿಟ್ಟವರು ಯಾರಾದರೂ ಇದ್ದೀರಾ? ತಪ್ಪು ಕಂಡರೆ ತಿದ್ದಿದಿರಾ? ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಸಾಕಾ?

ಹುಬ್ಬಳ್ಳಿ ಟ್ರಂಕ್ ಬೋರ್ಡ್:
ತಿದ್ದಿಯೇ ಬರೆಯಿರಿ ತಂಗಿ. ಆವತ್ತು ನಾನು, ದೂರದೂರಿನ ಫೋನ್ ಕಾಲ್ ಜೋಡಿಸುವ ಹುಬ್ಬಳ್ಳಿಯ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಬೆಳಗಿನ ಡ್ಯೂಟಿಯಲ್ಲಿದ್ದೆ. ಊರಿಗಿಂತ ಮೊದಲು ಸುದ್ದಿ ನಮಗೆ ಬಂತು. ಬಾಂಬೆ ಲೈನಿನ ಆಪರೇಟರ್ ನಡುಗುವ ದನಿಯಲ್ಲಿ "ಪ್ರಧಾನಿಗೆ ಗುಂಡು ಹೊಡೆದಿದ್ದಾರಂತೆ" ಅಂದಳು. ಸೂಪರ್‌ವೈಸರ್ ಬಂದು ಬೆನ್ನ ಹಿಂದೆಯೇ ನಿಂತರು. ಗಿರಾಕಿಗಳ ಹತ್ತಿರ ಒಂದಕ್ಷರ ಬಾಯಿ ಬಿಡಕೂಡದು ಅಂದರು. ಮಧ್ಯಾಹ್ನದ ಹೊತ್ತಿಗೆ ಬೋರ್ಡಿನ ತುಂಬ ದೀಪ ಹತ್ತಿತ್ತು. ದೆಹಲಿಗೆ ಬುಕ್ ಆದ ಕಾಲ್‌ಗಳ ಚೀಟಿ ಕಟ್ಟುಕಟ್ಟಾಗಿ ಬಿದ್ದಿದ್ದವು. ಅರ್ಜೆಂಟ್ ಕಾಲ್‌ಗೆ ದುಪ್ಪಟ್ಟು, ಎಲ್ಲಕ್ಕಿಂತ ಮೊದಲು ಜೋಡಿಸುವ ಲೈಟ್ನಿಂಗ್ ಕಾಲ್‌ಗೆ ಎಂಟು ಪಟ್ಟು ದರ. ಜನ ದರ ಕೇಳದೆ "ಲೈಟ್ನಿಂಗೇ ಹಾಕಿ ಅಕ್ಕಾ" ಅನ್ನುತ್ತಿದ್ದರು. ದೆಹಲಿಯಲ್ಲಿ ಮಗನನ್ನು ಓದಲು ಬಿಟ್ಟಿದ್ದ ಒಬ್ಬ ತಾಯಿ ಎಕ್ಸ್‌ಚೇಂಜಿನ ಗೇಟಿಗೇ ಬಂದು, ದುಡ್ಡಿಲ್ಲ ಅಂತ ಕೈಬಳೆ ಬಿಚ್ಚಿದ್ದರು. ಲೈನ್ ಸಿಗಲೇ ಇಲ್ಲ.

ಆ ರಾತ್ರಿಯೇ ಡೈರಿಯಲ್ಲಿ ಎಲ್ಲ ಬರೆದಿಟ್ಟೆ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ. ಬೆಳಗ್ಗೆ ಒಂಬತ್ತೂ ಕಾಲರ ಸುಮಾರಿಗೆ ಗುಂಡು ಬಿತ್ತು. ತೀರಿಕೊಂಡ ಸುದ್ದಿಯನ್ನು ಆಕಾಶವಾಣಿ ಹೇಳಿದ್ದು ಸಂಜೆ 6ರ ವಾರ್ತೆಯಲ್ಲಿ. ಮಧ್ಯಾಹ್ನವೇ ರೇಡಿಯೋದಲ್ಲಿ ಕೇಳಿದೆ ಅನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ. ನಾನು ಡೈರಿ ತೆಗೆದು ಮುಂದಿಡುತ್ತೇನೆ.

ಮೇಷ್ಟರ ಮಗ, ತಿಪಟೂರು:
ದಯವಿಟ್ಟು ತಿದ್ದಬೇಡಿ. ನಮ್ಮಪ್ಪ ಪ್ರೈಮರಿ ಶಾಲೆಯ ಹೆಡ್‌ಮಾಸ್ಟರ್. ಮರುದಿನ ರಾಜ್ಯೋತ್ಸವ ಅಲ್ವಾ, ಮಕ್ಕಳು ಮೈದಾನದಲ್ಲಿ ಲೇಜಿಮ್ ಪ್ರಾಕ್ಟೀಸ್ ಮಾಡುತ್ತಿದ್ದರು. ಅರಿಶಿನ-ಕೆಂಪು ಕಾಗದ ಕತ್ತರಿಸಿ, ಮೈದಾ ಅಂಟು ಹಚ್ಚಿ, ದಾರಕ್ಕೆ ಅಂಟಿಸಿದ್ದರು. ಮಧ್ಯಾಹ್ನ ಬೀಡಿ ಅಂಗಡಿಯವನು ಸೈಕಲ್ ತುಳಿದುಕೊಂಡು ಬಂದು, ಬಿಬಿಸಿಯಲ್ಲಿ ಹೋದರು ಅಂದಿದ್ದಾರೆ ಅಂತ ಹೇಳಿದ. ಅಪ್ಪ ಆ ತೋರಣವನ್ನು ಕೈಯಾರೆ ಬಿಚ್ಚಿ ಸುತ್ತಿಟ್ಟರು. ಇದನ್ನೆಲ್ಲ ಅವರ ಬಾಯಲ್ಲೇ ಹೇಳಿಸಿ ಕ್ಯಾಸೆಟ್ಟಿಗೆ ತುಂಬಿದ್ದೆ. ಆಮೇಲೆ ಅಪ್ಪ ಹೋದರು, ಕ್ಯಾಸೆಟ್ ಬೀರುವಿನಲ್ಲಿ ಉಳಿಯಿತು.

ಅದನ್ನು ಕಂಪ್ಯೂಟರಿಗೆ ಹಾಕಿಸಲು ಪಟ್ಟ ಪಾಡು ಕೇಳಿ. ಮೊದಲ ಅಂಗಡಿಯವನು ಕ್ಯಾಸೆಟ್ಟಿಗೆ 450 ರೂಪಾಯಿ ಅಂದ. ತಿಂಗಳುಗಟ್ಟಲೆ ಇಟ್ಟುಕೊಂಡ. ಕೊನೆಗೆ ಫಂಗಸ್ ಬಂದಿದೆ ಅಂದ. ಅವನ ಡೆಕ್ಕಿನ ಬೆಲ್ಟ್ ಸಡಿಲವಾಗಿ ಟೇಪ್ ಸಿಕ್ಕಿಕೊಂಡು ತುಂಡಾಯಿತು. ಬೆಂಗಳೂರಿನ ಇನ್ನೊಬ್ಬರು ಟೇಪ್ ಜೋಡಿಸಿ, ಫಂಗಸ್ ಒರೆಸಿ, ಒಟ್ಟು 1,800 ತಗೊಂಡರು. ಗುಂಯ್ ಸದ್ದು ತೆಗೆಯಲು ಬೇರೆ 700, ಅದರ ಮೇಲೆ ಜಿಎಸ್‌ಟಿ. ಸದ್ದು ತೆಗೆದ ಮೇಲೆ ಅಪ್ಪನ ದನಿ ತಗಡಿನ ಡಬ್ಬದೊಳಗಿಂದ ಬಂದ ಹಾಗೆ ಕೇಳಿತು. ಹಳೆಯದನ್ನೇ ವಾಪಸ್ ತಗೊಂಡೆ. ಗುಂಯ್ ಅಂದರೂ ಅದು ಅಪ್ಪನ ದನಿ. ನಮ್ಮಣ್ಣ ಮಾತ್ರ ಅದನ್ನು ಟೈಪ್ ಮಾಡಿಸುವಾಗ ಬಿಬಿಸಿ ತೆಗೆದು "ಸಂಜೆ ಆಕಾಶವಾಣಿಯಲ್ಲಿ" ಅಂತ ಹಾಕಿಸಿದ. ಆ ಪ್ರತಿಯನ್ನು ನಾನು ಮನೆಯೊಳಗೆ ಇಟ್ಟುಕೊಂಡಿಲ್ಲ.

ಹುಬ್ಬಳ್ಳಿ ಟ್ರಂಕ್ ಬೋರ್ಡ್:
ಹಳ್ಳಿಯ ಬೀಡಿ ಅಂಗಡಿಯಲ್ಲಿ ಶಾರ್ಟ್‌ವೇವ್‌ನಲ್ಲಿ ಬಿಬಿಸಿ ಇಂಗ್ಲಿಷ್ ವಾರ್ತೆ ಕೇಳುತ್ತಿದ್ದರಾ? ನಿಮ್ಮಣ್ಣ ಮಾಡಿದ್ದೇ ಸರಿ.

ಮೇಷ್ಟರ ಮಗ, ತಿಪಟೂರು:
ಬಿಬಿಸಿ ಹಿಂದಿಯಲ್ಲೂ ಬರುತ್ತಿತ್ತು ಮೇಡಂ. ಆ ಅಂಗಡಿಯವನು ಮಿಲಿಟರಿಯಿಂದ ರಿಟೈರ್ ಆಗಿ ಬಂದವನು. ನೋಡದ ಮನುಷ್ಯನ ಬಗ್ಗೆ ಹಗುರಾಗಿ ಮಾತಾಡಬೇಡಿ.

ಕ್ರಿಕೆಟ್ ಅಂದ್ರೆ ಪ್ರಾಣ:
ಗಂಟೆಯ ಬಗ್ಗೆ ಜಗಳ ಆಡುವವರು ಇದನ್ನೂ ಸೇರಿಸಿಕೊಳ್ಳಿ. ಆವತ್ತು ಸಿಯಾಲ್‌ಕೋಟ್‌ನಲ್ಲಿ ಭಾರತ-ಪಾಕಿಸ್ತಾನ ಒನ್‌ಡೇ ನಡೆಯುತ್ತಿತ್ತು. ನಮ್ಮವರು 3 ವಿಕೆಟ್‌ಗೆ 210. ವೆಂಗ್‌ಸರ್ಕಾರ್ 94, ನಾಟೌಟ್. ಪಾಕಿಸ್ತಾನ ಬ್ಯಾಟಿಂಗಿಗೆ ಇಳಿಯಲೇ ಇಲ್ಲ, ಮ್ಯಾಚ್ ಅಲ್ಲಿಗೇ ನಿಲ್ಲಿಸಿದರು. ಸಂಜೆ 6ರವರೆಗೆ ಯಾರಿಗೂ ಗೊತ್ತೇ ಇರಲಿಲ್ಲ ಅನ್ನುವುದು ಸುಳ್ಳು. ನಾನು ಸ್ಕೋರ್ ಕೇಳಲು ಹೋಟೆಲಿನ ಮುಂದೆ ನಿಂತಿದ್ದೆ. ಮ್ಯಾಚ್ ನಿಂತಿದ್ದಕ್ಕೆ ಬೇಜಾರಾಗಿತ್ತು. ಕಾರಣ ತಿಳಿದ ಮೇಲೆ ಹೋಟೆಲಿನವನೇ ಶಟರ್ ಎಳೆದ.

ಹುಬ್ಬಳ್ಳಿ ಟ್ರಂಕ್ ಬೋರ್ಡ್:
ಯಾರಿಗೂ ಗೊತ್ತಿರಲಿಲ್ಲ ಅಂತ ನಾನೆಲ್ಲಿ ಹೇಳಿದೆ? ಆಕಾಶವಾಣಿ ಹೇಳಿದ್ದು 6ಕ್ಕೆ ಅಂದೆ. ಓದಿ ಉತ್ತರ ಬರೆಯಿರಿ.

ಉಪನ್ಯಾಸಕಿ, ಮೈಸೂರು:
ಮನಶ್ಶಾಸ್ತ್ರ ಪಾಠ ಮಾಡುತ್ತೇನೆ, ಹಾಗಾಗಿ ಹೇಳಲೇಬೇಕು. ಇಂಥ ನೆನಪು ಫೋಟೋ ತೆಗೆದ ಹಾಗೆ ಉಳಿಯುತ್ತದೆ ಅಂತ 1977ರಲ್ಲಿ ಬ್ರೌನ್ ಮತ್ತು ಕುಲಿಕ್ ಬರೆದರು. 1986ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದಾಗ ನೈಸರ್ ಎಂಬ ವಿಜ್ಞಾನಿ ಮರುದಿನವೇ ವಿದ್ಯಾರ್ಥಿಗಳಿಂದ "ಸುದ್ದಿ ಕೇಳಿದಾಗ ಎಲ್ಲಿದ್ದೆ" ಅಂತ ಬರೆಸಿಟ್ಟರು. ಕೆಲವು ವರ್ಷ ಬಿಟ್ಟು ಅವರನ್ನೇ ಮತ್ತೆ ಕೇಳಿದರು. ಎಷ್ಟೋ ಜನ ಬೇರೆಯೇ ಕಥೆ ಹೇಳಿದರು, ಅದೂ ಪೂರ್ತಿ ನಂಬಿಕೆಯಿಂದ. ಆದ್ದರಿಂದ ನಮ್ಮ ತಂದೆ 1984ರ ಕಥೆ ಹೇಳುವಾಗಲೆಲ್ಲ ಅದು ಹೀಗಿರಲಾರದು ಅಂತ ನಾನು ಹೇಳುತ್ತಲೇ ಬಂದೆ. ಅವರಿಗೆ ಕೋಪ ಬರುತ್ತಿತ್ತು. ಆದರೂ ಮೊಮ್ಮಕ್ಕಳಿಗೆ ನಿಜ ಗೊತ್ತಿರಬೇಕು ಅನ್ನುವುದು ನನ್ನ ನಿಲುವು.

ಆಗ ದೆಹಲಿ, ಈಗ ಧಾರವಾಡ:
ಇದನ್ನೆಲ್ಲ ಓದಿ ನನಗೆ ಸಿಟ್ಟು ಬರುತ್ತಿದೆ. ನೀವು ರೇಡಿಯೋ, ಸ್ಕೋರು, ಗಂಟೆ ಅನ್ನುತ್ತಿದ್ದೀರಿ. ಆ ದಿನ ನಮಗೆ ಒಂದು ದಿನಕ್ಕೆ ಮುಗಿಯಲಿಲ್ಲ.

ನಾನು ಆಗ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕ್ಲರ್ಕ್. ಪಶ್ಚಿಮ ದೆಹಲಿಯಲ್ಲಿ ಒಬ್ಬ ಸರ್ದಾರ್‌ಜಿ ಮನೆಯ ತಾರಸಿ ಮೇಲಿನ ಬರಸಾತಿಯಲ್ಲಿ ಬಾಡಿಗೆಗಿದ್ದೆ. ಪ್ರಧಾನಿಗೆ ಗುಂಡು ಹೊಡೆದವರು ಸಿಖ್ ಅಂಗರಕ್ಷಕರು ಅಂತ ಸಿಖ್ಖರ ಮೇಲೆ ದಾಳಿ ಶುರುವಾಗಿ, ನವೆಂಬರ್ 1ಕ್ಕೆ ಸುತ್ತಲೂ ಹೊಗೆ ಎದ್ದಿತು. ಅವರ ನೇಮ್‌ಪ್ಲೇಟ್ ಕಿತ್ತು, ಸೀಮೆಸುಣ್ಣದಲ್ಲಿ ನನ್ನ ಹೆಸರು ಬರೆದೆ. ಇಡೀ ಸಂಸಾರ ನನ್ನ ಒಂದೇ ರೂಮಿನಲ್ಲಿ. ಹೊರಗೆ ಸಲಾಕೆ ಹಿಡಿದವರು ಬಂದು ಇಲ್ಲಿ ಯಾರಿದ್ದೀರಿ ಅಂತ ಕೇಳಿದಾಗ, ನಾನು ಬಾಗಿಲಲ್ಲಿ ನಿಂತು ಜನಿವಾರ ಎಳೆದು ತೋರಿಸಿದೆ. ಅವರ ದೊಡ್ಡ ಮಗನ ಕೂದಲನ್ನು ಅವನ ತಾಯಿಯೇ ನನ್ನ ಕತ್ತರಿಯಿಂದ ಕತ್ತರಿಸಿದರು. ಕತ್ತರಿಸುವಾಗ ಒಂದೊಂದು ಜಡೆಯನ್ನೂ ಸೆರಗಿಗೆ ಹಾಕಿಕೊಳ್ಳುತ್ತಿದ್ದರು, ನೆಲಕ್ಕೆ ಬೀಳಲು ಬಿಡಲಿಲ್ಲ. ಹುಡುಗ ಗೋಡೆಗೆ ಮುಖ ಮಾಡಿ ಕೂತಿದ್ದ.

ಅವರ ಸ್ಪೇರ್ ಪಾರ್ಟ್ಸ್ ಅಂಗಡಿ ಸುಟ್ಟುಹೋಯಿತು. ವರ್ಷಗಳಾದ ಮೇಲೆ ಅವರು ವಿಚಾರಣೆಗೆ ಹೋದರು. ಮೊದಲ ಅಫಿಡವಿಟ್‌ನಲ್ಲಿ 1ರ ಸಂಜೆ ಅಂತ ಇತ್ತು, ಆಮೇಲಿನ ಹೇಳಿಕೆಯಲ್ಲಿ 2ರ ಬೆಳಗ್ಗೆ ಅಂತ ಬಂತು. ಎದುರಿನ ವಕೀಲ ಅದೊಂದನ್ನೇ ಹಿಡಿದು, ಹೇಳಿದ್ದೆಲ್ಲ ಸುಳ್ಳು ಅಂದ. ಗಂಟೆ ತಪ್ಪಿದ್ದಕ್ಕೆ ಅಂಗಡಿ ಸುಟ್ಟಿದ್ದು ಸುಳ್ಳಾಗುತ್ತದಾ? ದೆಹಲಿಯಲ್ಲಿ ಸತ್ತವರು 2,733 ಅಂತ ಸರ್ಕಾರದ ಲೆಕ್ಕವೇ ಹೇಳುತ್ತದೆ. 2018ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಅದೇ ಗಲಭೆಯ ಕೇಸಿನಲ್ಲಿ ಕಾಂಗ್ರೆಸ್ ಮುಖಂಡ ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆ ಕೊಟ್ಟಿತು, ಘಟನೆ ನಡೆದು 34 ವರ್ಷ ಆಗಿತ್ತು. ಕಣ್ಣಾರೆ ಕಂಡವರು ಅಷ್ಟು ವರ್ಷ ಮಾತು ಬಿಡದೆ ಹಿಡಿದುಕೊಂಡಿದ್ದರಿಂದ ತಾನೇ? ನೆನಪನ್ನು ನಂಬಬೇಡಿ ಅಂತ ಪಾಠ ಮಾಡುವ ಮೇಡಂ, ಆ ಸಾಕ್ಷಿಗಳಿಗೆ ಹೋಗಿ ಹೇಳಲಿ.

ಉಪನ್ಯಾಸಕಿ, ಮೈಸೂರು:
ಸರ್, ನೀವು ಕಂಡಿದ್ದು ಸುಳ್ಳು ಅಂತ ನಾನು ಹೇಳಲೇ ಇಲ್ಲ. ಘಟನೆ ನಡೆದಿದೆ ಅನ್ನುವುದು ಬೇರೆ, ವಿವರ ಬದಲಾಗುತ್ತದೆ ಅನ್ನುವುದು ಬೇರೆ.

ಹುಬ್ಬಳ್ಳಿ ಟ್ರಂಕ್ ಬೋರ್ಡ್:
ಅದಕ್ಕೇ ನಾನಂದಿದ್ದು, ಅವತ್ತಿಂದು ಅವತ್ತೇ ಬರೆದಿಡಬೇಕು.

ಆಗ ದೆಹಲಿ, ಈಗ ಧಾರವಾಡ:
ಬಾಗಿಲ ಹೊರಗೆ ಸಲಾಕೆ ಹಿಡಿದವರಿದ್ದಾಗ ಯಾರು ಡೈರಿ ಬರೆಯುತ್ತಾರೆ ಮೇಡಂ? ಹುಬ್ಬಳ್ಳಿಯಲ್ಲಿ ಕೂತು ಬರೆಯಬಹುದಿತ್ತು.

ಹುಬ್ಬಳ್ಳಿ ಟ್ರಂಕ್ ಬೋರ್ಡ್:
ಹುಬ್ಬಳ್ಳಿಯಲ್ಲಿ ಸುಮ್ನೆ ಕೂತಿರಲಿಲ್ಲ. ನಿಮ್ಮಂಥವರ ತಾಯಂದಿರು ಅಳುವುದನ್ನು ಹೆಡ್‌ಸೆಟ್‌ನಲ್ಲಿ ರಾತ್ರಿಯವರೆಗೆ ಕೇಳಿದವರು ನಾವು. ಡಬಲ್ ಡ್ಯೂಟಿ ಮಾಡಿದ್ದೇವೆ.

ಶೃಂಗೇರಿ ಸೀಮೆ:
ಒಂದು ವಿಷಯ ಯಾರೂ ಕೇಳಲಿಲ್ಲ. ಯಾವ ದೀಪಾವಳಿ? ದೊಡ್ಡದು ಮುಗಿದಿತ್ತು, ಸರಿ. ಉತ್ಥಾನ ದ್ವಾದಶಿಯ ತುಳಸಿ ಹಬ್ಬ ಆ ವರ್ಷ ನವೆಂಬರ್ ಮೊದಲ ವಾರ ಬಂದಿತ್ತು. ನಮ್ಮ ಮನೆಯಲ್ಲಿ ಅದನ್ನು ಕಿರು ದೀಪಾವಳಿ ಅಂತಲೇ ಕರೆಯುವುದು. ಅದಕ್ಕೂ ಚಕ್ಕುಲಿ ಕರಿಯುತ್ತಿದ್ದರು.

ಕುಡ್ಲದವಳು:
ತುಳಸಿ ಹಬ್ಬಕ್ಕೆ ನೆಲ್ಲಿ ಕೊಂಬೆ, ಕಬ್ಬು, ಅವಲಕ್ಕಿ. ಚಕ್ಕುಲಿ ಎಲ್ಲಿಂದ ಬಂತು? ಅಷ್ಟಮಿಗೆ ಮಾಡುವುದು ಅದು.

ಶೃಂಗೇರಿ ಸೀಮೆ:
ನಿಮ್ಮಲ್ಲಿ ಇಲ್ಲ ಅಂದರೆ ಎಲ್ಲೂ ಇಲ್ಲ ಅಂತಲ್ಲ. ಘಟ್ಟದ ಮೇಲೆ ಬಂದು ನೋಡಿ.

ಕುಡ್ಲದವಳು:
ನಮ್ಮತ್ತೆ ಕೊಪ್ಪದವರು. ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ.

ಮೇಷ್ಟರ ಮಗ, ತಿಪಟೂರು:
ಹಬ್ಬದ ಜಗಳ ಆಮೇಲೆ ಆಡಿ. ಚಿಕ್ಕಮಗಳೂರಿನ ಅಕ್ಕಾ, ಫೋನ್ ಸಾಕು. ಏರೋಪ್ಲೇನ್ ಮೋಡ್ ಹಾಕಿ, ಫ್ಯಾನ್ ಆರಿಸಿ, ಕುಕ್ಕರ್ ಇಡಬೇಡಿ. ಫೈಲನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿಡಿ. ಸೋದರಮಾವನನ್ನು ಆ ಹೊತ್ತಿಗೆ ಪೇಟೆಗೆ ಕಳಿಸಿ. ಅವರ ಮಾತನ್ನು ಬೇರೆ ದಿನ, ಬೇರೆ ಫೈಲಿನಲ್ಲಿ ತಗೊಳ್ಳಿ.

ಹುಬ್ಬಳ್ಳಿ ಟ್ರಂಕ್ ಬೋರ್ಡ್:
ಮಾವನದ್ದನ್ನು ಮೊದಲು ತಗೊಳ್ಳಿ.