ತೂಕ ಕಡಿಮೆಯಿರುವ ಪರ್ಷಿಯನ್ ಹೆಣ್ಣು ಬೆಕ್ಕನ್ನು ಈ ಬೆದೆಯಲ್ಲಿ ಗಂಡಿನೊಡನೆ ಬಿಡಬಹುದೇ?

ಪ್ರಶ್ನೆ

ಮೈಸೂರಿನ ನಮ್ಮ ಮನೆಯಲ್ಲಿ 14 ತಿಂಗಳ ಪರ್ಷಿಯನ್ ಹೆಣ್ಣು ಬೆಕ್ಕೊಂದಿದೆ. ಅದರ ತೂಕ 2.2 ಕೆ.ಜಿ. ಮಾತ್ರ. ಕೂದಲು ದಟ್ಟವಾಗಿರುವುದರಿಂದ ನೋಡಲು ದುಂಡಗೆ ಕಾಣುತ್ತದೆ, ಆದರೆ ಎತ್ತಿಕೊಂಡರೆ ಮೈಯೇ ಇಲ್ಲವೆನ್ನಿಸುತ್ತದೆ. ಬೆಳಿಗ್ಗೆ ಹಾಲು, ಮಧ್ಯಾಹ್ನ ಮೊಸರನ್ನ, ರಾತ್ರಿ ಸ್ವಲ್ಪ ಒಣ ಆಹಾರ ಕೊಡುತ್ತೇವೆ. ಆಗಾಗ ಭೇದಿಯಾಗುತ್ತದೆ. ಈಗ ಅದು ಬೆದೆಗೆ ಬಂದಿದ್ದು, ಪರಿಚಯದವರೊಬ್ಬರು ತಮ್ಮ ಗಂಡು ಬೆಕ್ಕಿನೊಡನೆ ಬಿಡಲು ಒತ್ತಾಯಿಸುತ್ತಿದ್ದಾರೆ. ಒಮ್ಮೆ ಮರಿ ಹಾಕಿದರೆ ತಾನಾಗಿಯೇ ಮೈ ಕಟ್ಟುತ್ತದೆ ಎಂದು ಅವರು ಹೇಳುತ್ತಾರೆ. ಇದು ನಿಜವೇ?

ಉತ್ತರ 1

ದಯವಿಟ್ಟು ಈ ಸಲ ಬಿಡಬೇಡಿ. ಮರಿ ಹಾಕಿದ ಮೇಲೆ ಮೈ ಕಟ್ಟುತ್ತದೆ ಎಂಬ ಮಾತು ಪೂರ್ತಿ ತಲೆಕೆಳಗು. ನಾಯಿಯಲ್ಲಿ ಗರ್ಭದ ಕೊನೆಯ ವಾರಗಳಲ್ಲಿ ತೂಕ ಹೆಚ್ಚಾಗಿ ಏರಿದರೆ, ಬೆಕ್ಕಿನಲ್ಲಿ ಮೊದಲ ವಾರಗಳಿಂದಲೇ ಏರತೊಡಗುತ್ತದೆ. ಹಾಗೆ ಕೂಡಿದ ಕೊಬ್ಬಿನ ಒಂದು ಪಾಲು ಹೆರಿಗೆಯಾದ ಮೇಲೂ ತಾಯಿಯ ಮೈಯಲ್ಲೇ ಉಳಿದು, ಹಾಲೂಡಿಸುವ ದಿನಗಳಲ್ಲಿ ಕರಗುತ್ತದೆ. ಮರಿಗಳು ಹೆಚ್ಚಿದ್ದರೆ ಆಗ ತಾಯಿಗೆ ಬೇಕಾಗುವ ಆಹಾರ ಮಾಮೂಲಿನ ಎರಡು ಮೂರು ಪಟ್ಟಾಗಬಹುದು. ಕೂಡಿಡಲು ಏನೂ ಇಲ್ಲದ ಬೆಕ್ಕು ತನ್ನ ಸ್ನಾಯುವನ್ನೇ ಕರಗಿಸಿ ಹಾಲು ಕೊಡಬೇಕಾಗುತ್ತದೆ. ಇಂಥ ತಾಯಿಯ ಮರಿಗಳು ಕಡಿಮೆ ತೂಕದಲ್ಲಿ ಹುಟ್ಟಿ ಮೊದಲ ವಾರದಲ್ಲೇ ಸೋಲುವ ಸಂಭವ ಹೆಚ್ಚು. ಹುಟ್ಟಿದಾಗ ಮರಿಯೊಂದು ಸುಮಾರು 100 ಗ್ರಾಂ ಇರಬೇಕು.

ಪರ್ಷಿಯನ್ ಬೆಕ್ಕನ್ನು ಕಣ್ಣಿನಿಂದ ಅಳೆಯಲು ಹೋಗಬೇಡಿ. ಕೂದಲಿನೊಳಗೆ ಬೆರಳು ಇಳಿಸಿ ಪಕ್ಕೆಲುಬಿನ ಮೇಲೆ ಮೆಲ್ಲಗೆ ಸವರಿ. ನಿಮ್ಮ ಅಂಗೈ ಚಾಚಿ, ಬೆರಳಿನ ಬುಡದ ಗೆಣ್ಣುಗಳನ್ನು ಕೈಯ ಹಿಂಬದಿಯಲ್ಲಿ ಸವರಿದರೆ ಹೇಗೆ ತಿಳಿಯುತ್ತದೋ, ಪಕ್ಕೆಲುಬು ಹಾಗೆ ತಿಳಿದರೆ ಸರಿ. ಮುಷ್ಟಿ ಬಿಗಿದಾಗಿನ ಗೆಣ್ಣುಗಳಂತೆ ಚುಚ್ಚಿದರೆ ಅದು ಬಡಕಲು. ಬೆನ್ನುಮೂಳೆ ಮತ್ತು ಸೊಂಟದ ಎಲುಬನ್ನೂ ನೋಡಿ. ವೈದ್ಯರು ಇದನ್ನೇ 1ರಿಂದ 9ರವರೆಗಿನ ಅಂಕದಲ್ಲಿ ಅಳೆಯುತ್ತಾರೆ. 5 ಹದವಾದ ಮೈ.

ಉತ್ತರ 2

ಮೇಲಿನ ಮಾತು ಸರಿ, ಆದರೆ ತೂಕದ ಅಂಕಿಯೊಂದನ್ನೇ ಹಿಡಿದು ತೀರ್ಮಾನಿಸಬಾರದು. ಸಣ್ಣ ಎಲುಬಿನ ಹೆಣ್ಣು ಬೆಕ್ಕು 3 ಕೆ.ಜಿ.ಗಿಂತ ಕಡಿಮೆಯಿದ್ದೂ ಆರೋಗ್ಯವಾಗಿರಬಹುದು. ಇದರ ತಾಯಿ ಎಷ್ಟು ತೂಗುತ್ತಿತ್ತು ಎಂಬುದನ್ನು ಕೊಟ್ಟವರಲ್ಲಿ ವಿಚಾರಿಸಿ. ನಿಜವಾಗಿ ಕೇಳಬೇಕಾದ ಪ್ರಶ್ನೆ, ಅದು ಏಕೆ ತೆಳ್ಳಗಿದೆ ಎಂಬುದು.

ನೀವು ಬರೆದಿರುವುದರಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗುವುದಿಲ್ಲ. ಭೇದಿಗೆ ಅದೂ ಕಾರಣವಿರಬಹುದು. ಮೊಸರನ್ನದಿಂದ ಹೊಟ್ಟೆ ತುಂಬುತ್ತದೆಯೇ ಹೊರತು ಬೆಕ್ಕಿಗೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಸಾಕಷ್ಟು ಸಿಗುವುದಿಲ್ಲ. ಅದು ಮಾಂಸ, ಮೀನು ಇಲ್ಲವೇ ಬೆಕ್ಕಿಗೆಂದೇ ತಯಾರಿಸಿದ ಆಹಾರದಿಂದ ಬರಬೇಕು. ಟಾರಿನ್ ಕೊರತೆಯಾದರೆ ಕಣ್ಣು, ಹೃದಯ ಕೆಡುವುದರ ಜೊತೆಗೆ ಗರ್ಭ ನಿಲ್ಲದಿರುವುದು, ಮರಿಗಳು ಕುಂಠಿತವಾಗುವುದು ಸಹ ಉಂಟು. ಎರಡನೆಯದಾಗಿ, ಮಲಪರೀಕ್ಷೆ ಮಾಡಿಸದೆ ಬರೀ ಜಂತುಹುಳುವಿನ ಮಾತ್ರೆ ಕೊಟ್ಟು ಸುಮ್ಮನಾಗಬೇಡಿ. ಜಿಯಾರ್ಡಿಯಾದಂಥ ಸೂಕ್ಷ್ಮ ಪರಾವಲಂಬಿಗಳಿಗೆ ಬೇರೆಯೇ ಔಷಧ ಬೇಕು. ಇನ್ನು ದುಂಡುಹುಳು ತಾಯಿಯ ಹಾಲಿನ ಮೂಲಕವೇ ಮರಿಗಳ ಹೊಟ್ಟೆ ಸೇರುತ್ತದೆ.

ಬೆಕ್ಕಿನ ಲ್ಯುಕೇಮಿಯಾ ವೈರಸ್ ಮತ್ತು ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಎಫ್‌ಐವಿ ಎಂಬ ವೈರಸ್‌ನ ಪರೀಕ್ಷೆ ಗಂಡು, ಹೆಣ್ಣು ಎರಡಕ್ಕೂ ಆಗಬೇಕು. ಪರ್ಷಿಯನ್ ಆಗಿರುವುದರಿಂದ ಪಿಕೆಡಿ ಎಂಬ ಮೂತ್ರಪಿಂಡದ ಕಾಯಿಲೆಯ ಜೀನ್ ಪರೀಕ್ಷೆಯನ್ನಂತೂ ಬಿಡಲೇಬಾರದು. ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದರೂ ಪ್ರತಿ ಮರಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ಇದು ದೃಢಪಟ್ಟರೆ, ತೂಕ ಎಷ್ಟೇ ಏರಲಿ, ಆ ಬೆಕ್ಕಿನಿಂದ ಮರಿ ಮಾಡಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ವಿವರವಾಗಿ ಬರೆದಿದ್ದಕ್ಕೆ ಧನ್ಯವಾದಗಳು. ಬೆನ್ನುಮೂಳೆ ಬೆರಳಿಗೆ ಒಂದೊಂದಾಗಿ ಸಿಗುತ್ತಿದೆ, ಪಕ್ಕೆಲುಬೂ ಚುಚ್ಚುತ್ತದೆ. ಗಂಡಿನೊಡನೆ ಬಿಡುವುದಿಲ್ಲವೆಂದು ತಿಳಿಸಿದ್ದೇವೆ. ಆದರೆ ರಾತ್ರಿಯಿಡೀ ಕೂಗುತ್ತದೆ, ತಿನ್ನುವುದೂ ಕಡಿಮೆಯಾಗಿದೆ. ಬೆದೆ ನಿಲ್ಲಿಸುವ ಮಾತ್ರೆ ಕೊಡಬಹುದೇ?

ಉತ್ತರ 1

ಹಾರ್ಮೋನು ಮಾತ್ರೆಯನ್ನು ನೀವಾಗಿ ಕೊಡಲೇಬೇಡಿ. ಗರ್ಭಕೋಶದಲ್ಲಿ ಕೀವು ತುಂಬುವ ಮತ್ತು ಮೊಲೆಯಲ್ಲಿ ಗಡ್ಡೆಯಾಗುವ ಅಪಾಯ ಅದರಲ್ಲಿದೆ. ಬೆದೆ ಸಾಮಾನ್ಯವಾಗಿ ಒಂದು ವಾರದ ಹೊತ್ತಿಗೆ ಇಳಿಯುತ್ತದೆ, ಆದರೆ ಕೂಡದೆ ಇದ್ದರೆ ಎರಡು ಮೂರು ವಾರಕ್ಕೆ ಮತ್ತೆ ಬರುತ್ತದೆ. ಹೀಗೆ ಪದೇ ಪದೇ ಬಂದು ತಿನ್ನುವುದನ್ನು ಬಿಡುವುದರಿಂದಲೂ ತೂಕ ಇಳಿಯುತ್ತದೆ ಎಂಬುದನ್ನು ವೈದ್ಯರಿಗೆ ಹೇಳಿ. ಕಿಟಕಿ, ಬಾಗಿಲು ಭದ್ರವಾಗಿರಲಿ, ಏಕೆಂದರೆ ಬೆಕ್ಕಿನಲ್ಲಿ ಸಾಮಾನ್ಯವಾಗಿ ಕೂಡಿದ ಮೇಲೆಯೇ ಅಂಡ ಬಿಡುಗಡೆಯಾಗುವುದರಿಂದ ಕೆಲವೇ ನಿಮಿಷ ಹೊರಹೋದರೂ ಗಬ್ಬ ಕಟ್ಟಬಹುದು.

ಆಹಾರವನ್ನು ಒಂದೇ ದಿನಕ್ಕೆ ಬದಲಿಸದೆ, ವಾರ ಹತ್ತು ದಿನಗಳಲ್ಲಿ ಮರಿಗಳಿಗಾಗಿ ತಯಾರಿಸಿದ ಆಹಾರಕ್ಕೆ ತನ್ನಿ. ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಕೋಳಿಮಾಂಸವನ್ನು ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಿ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ.

ಉತ್ತರ 2

ಒಂದು ಮಾತು ಸೇರಿಸುತ್ತೇನೆ. ತೂಕ ಹದಕ್ಕೆ ಬಂದು ಕೆಲವು ತಿಂಗಳು ಹಾಗೆಯೇ ನಿಂತು, ಪರೀಕ್ಷೆಗಳೆಲ್ಲ ಸರಿಯಾಗಿ, ಲಸಿಕೆಗಳು ಗರ್ಭಕ್ಕೆ ಮೊದಲೇ ಮುಗಿದ ಮೇಲಷ್ಟೇ ಮರಿಯ ವಿಚಾರ ಎತ್ತಿ. ಆಗಲೂ ಸೊಂಟದ ಅಗಲವನ್ನು ವೈದ್ಯರು ನೋಡಲಿ. ಚಪ್ಪಟೆ ಮುಖದ, ದೊಡ್ಡ ತಲೆಯ ಮರಿಗಳಿಂದಾಗಿ ಪರ್ಷಿಯನ್ ಬೆಕ್ಕುಗಳಲ್ಲಿ ಹೆರಿಗೆ ಕಷ್ಟವಾಗುವುದು ಹೆಚ್ಚು. ಮರಿ ಬೇಕೇಬೇಕೆಂಬ ಆಸೆ ನಿಮಗಿಲ್ಲದಿದ್ದರೆ, ಮೈ ಸುಧಾರಿಸಿದ ಕೂಡಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದೇ ಈ ಬೆಕ್ಕಿಗೆ ಒಳ್ಳೆಯದು.