‘ಟ್ರಾನ್ಸ್‌ಪೈಲರ್’ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಏನನ್ನೋಣ?

ಬಲ್ಲವರಿಗೆ ನಮಸ್ಕಾರ.

ಲಿನಕ್ಸ್ ಕಲಿಯುವವರಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯೊಂದರ ಕರಡು ತಿದ್ದುತ್ತಿದ್ದೇನೆ. ‘ಶೆಲ್ ಸ್ಕ್ರಿಪ್ಟ್’ (ನಾವು ಬರೆದ ಆದೇಶಗಳನ್ನು ಕಂಪ್ಯೂಟರ್‌ನಿಂದ ಮಾಡಿಸುವ ತಂತ್ರಾಂಶ ಶೆಲ್; ಆ ಆದೇಶಗಳನ್ನು ಸಾಲಾಗಿ ಬರೆದಿಟ್ಟ ಕಡತ ಅದರ ಸ್ಕ್ರಿಪ್ಟ್) ಎಂಬುದನ್ನು ಲೇಖಕರು ‘ಶೆಲ್ ಲಿಪಿ’ ಎಂದಿದ್ದರು, ಹೊಡೆದುಹಾಕಿದೆ. ಲಿಪಿ ಎಂದರೆ ನಮಗೆ ಬ್ರಾಹ್ಮಿ, ಮೋಡಿ, ತಿಗಳಾರಿ. ಶೆಲ್ ಹಾಗೆಯೇ ಇರಲಿ ಎಂದು ಬಿಟ್ಟೆ. ಗಡಿಯ ‘ಶೆಲ್ ದಾಳಿ’ಯ ಸುದ್ದಿ ಓದಿ ಅಭ್ಯಾಸವಾದವರು ಒಂದು ಕ್ಷಣ ಬೆಚ್ಚಿದರೂ ಸುಧಾರಿಸಿಕೊಳ್ಳುತ್ತಾರೆ.

ನಾನು ಸಿಕ್ಕಿಹಾಕಿಕೊಂಡದ್ದು ಮುಂದಿನ ಅಧ್ಯಾಯದಲ್ಲಿ. ಅಲ್ಲಿ ಆಂಬರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪರಿಚಯವಿದೆ. ಆಂಬರ್‌ನಲ್ಲಿ ನಾವು ಬರೆದದ್ದನ್ನು ಅದರ ತಂತ್ರಾಂಶ ಬ್ಯಾಶ್ ಎಂಬ ಶೆಲ್‌ನ ಸ್ಕ್ರಿಪ್ಟ್ ಆಗಿ ಬರೆದುಕೊಡುತ್ತದೆ. ಹೀಗೆ ಒಂದು ಪ್ರೋಗ್ರಾಮಿಂಗ್ ಭಾಷೆಯ ಬರಹವನ್ನು ಇನ್ನೊಂದಕ್ಕೆ ಬದಲಿಸಿಕೊಡುವ ತಂತ್ರಾಂಶವೇ ‘ಟ್ರಾನ್ಸ್‌ಪೈಲರ್’. ಈ ಸುತ್ತು ಹಾದಿ ಏಕೆಂದರೆ, 1989ರ ಬ್ಯಾಶ್ 1979ರ ಬೋರ್ನ್ ಶೆಲ್‌ನ ಕಟ್ಟುಪಾಡುಗಳನ್ನು ಹೊತ್ತುಕೊಂಡೇ ಬಂದಿದೆ. ‘ಎಕ್ಸ್=5’ ಎಂದು ಅಂಟಿಸಿಯೇ ಬರೆಯಬೇಕು; ಸಮಚಿಹ್ನೆಯ ಅಕ್ಕಪಕ್ಕ ಜಾಗ ಬಿಟ್ಟರೆ, ‘ಎಕ್ಸ್’ ಎಂಬ ಆದೇಶವೇ ಇಲ್ಲ ಎಂದು ಗದರುತ್ತದೆ. ‘ಮದುವೆ ಪಟ್ಟಿ’ ಎಂಬ ಕಡತದ ಹೆಸರು ಹಿಡಿದಿರುವ ಚರಕ್ಕೆ (ವೇರಿಯಬಲ್) ಉದ್ಧರಣ ಚಿಹ್ನೆ ಹಾಕದೆ ಅಳಿಸಲು ಹೇಳಿದಿರೋ, ಹೆಸರನ್ನು ಎರಡಾಗಿ ಸೀಳಿ ‘ಮದುವೆ’ಯನ್ನೂ ‘ಪಟ್ಟಿ’ಯನ್ನೂ ಬೇರೆಬೇರೆಯಾಗಿ ಹುಡುಕಿಕೊಂಡು ಹೋಗುತ್ತದೆ. ಆಂಬರ್‌ನಲ್ಲಿ ಬರೆಯುವವರಿಗೆ ಈ ತಲೆನೋವಿಲ್ಲ. ಹೊಸಗನ್ನಡದಲ್ಲಿ ಬರೆದುಕೊಟ್ಟರೆ, ಶಕಟರೇಫವನ್ನೂ (ಱ) ತಪ್ಪಿಸದೆ ಹಳಗನ್ನಡದಲ್ಲಿ ಬರೆದು ಕೈಗಿಡುವ ಲಿಪಿಕಾರನಿದ್ದಂತೆ.

ಈ ಲಿಪಿಕಾರನಿಗೆ ಹೆಸರೇನು?

ಕರಡಿನಲ್ಲಿ ‘ಪರಿವರ್ತಕ’ ಎಂದಿದೆ. ಪತ್ರಿಕೆ ಓದುವವರಿಗೆ ಅದು ಬೀದಿಯಲ್ಲಿ ಸುಟ್ಟುಹೋಗುವ ವಿದ್ಯುತ್ ಪರಿವರ್ತಕ. ‘ಸಂಕಲಕ’ ಪದ, ಬರೆದ ಪ್ರೋಗ್ರಾಮನ್ನು ಯಂತ್ರಸಂಕೇತಕ್ಕೆ ಬದಲಿಸುವ ಕಂಪೈಲರ್‌ಗೆ ಬಳಕೆಯಲ್ಲಿದೆ, ಹುಟ್ಟಿನಲ್ಲಿ ಸರಿಯಾದ ಪದವೂ ಹೌದು: 1952ರಲ್ಲಿ ಗಣಕ ವಿಜ್ಞಾನಿ ಗ್ರೇಸ್ ಹಾಪರ್ ಅವರ ಎ-0 ಕಂಪೈಲರ್, ಸಂಗ್ರಹದಲ್ಲಿದ್ದ ಸಬ್‌ರುಟೀನ್‌ಗಳನ್ನು (ಸಿದ್ಧ ಪ್ರೋಗ್ರಾಂ ತುಣುಕುಗಳನ್ನು) ಆಯ್ದು ಜೋಡಿಸುತ್ತಿತ್ತು, ಅಕ್ಷರಶಃ ಸಂಕಲನ. ಆದರೆ ಯಂತ್ರಸಂಕೇತ ಹೊರಡಿಸುವುದಕ್ಕೂ, ಮನುಷ್ಯರು ತೆರೆದು ಓದಬಹುದಾದ ಇನ್ನೊಂದು ಭಾಷೆಯ ಬರಹ ಹೊರಡಿಸುವುದಕ್ಕೂ ಒಂದೇ ಪದ ಬಳಸಿದರೆ ಈ ಅಧ್ಯಾಯವೇ ಅರ್ಥವಾಗುವುದಿಲ್ಲ.

ನನ್ನ ಒಲವು ‘ಭಾಷಾಂತರಕ’ದ ಕಡೆಗೆ. ಭಾಷಾಂತರ ಎಂದರೆ ಬೇರೊಂದು ಭಾಷೆ. ಇಲ್ಲಿ ನಡೆಯುವುದೂ ಅಷ್ಟೇ. ಅನುವಾದಕ ಪದವನ್ನು ಮನುಷ್ಯರಿಗೇ ಬಿಡೋಣ.

ಕ್ರಿಯಾಪದದ್ದೇ ಹೆಚ್ಚು ತೊಡಕು. ‘ಬ್ಯಾಶ್‌ಗೆ ಇಳಿಸು’ ಎಂದರೆ ಡೌನ್‌ಲೋಡ್ ಎಂದುಕೊಳ್ಳುತ್ತಾರೆ. ‘ಕನ್ನಡಿಸು’ ಮಾದರಿಯಲ್ಲಿ ‘ಬ್ಯಾಶಿಸು’ ಎನ್ನಬಹುದು. ಅದೇ ಜಾಡಿನಲ್ಲಿ ‘ಶೆಲ್ಲಿಸು’ ಎಂದರೆ ಹಾಲು ಚೆಲ್ಲಿದಂತೆ ಕೇಳಿಸುತ್ತದೆ. ಕೊನೆಗೆ ‘ಬ್ಯಾಶ್‌ಗೆ ತರುತ್ತದೆ’ ಎಂದು ಬರೆದಿಟ್ಟಿದ್ದೇನೆ; ಕಾದಂಬರಿಗಳನ್ನು ಕನ್ನಡಕ್ಕೆ ತರುವುದಿಲ್ಲವೇ, ಹಾಗೆ.

ಇನ್ನೊಂದು ಮಾತು. ಕಮಾಂಡ್‌ಗೆ ‘ಆದೇಶ’ ಎಂದೇ ಉಳಿಸಿಕೊಂಡಿದ್ದೇನೆ. ವ್ಯಾಕರಣದಲ್ಲಿ ಆದೇಶವೆಂದರೆ ಒಂದು ಅಕ್ಷರದ ಜಾಗಕ್ಕೆ ಇನ್ನೊಂದು ಬರುವುದು: ಮಳೆ, ಕಾಲ ಸೇರಿ ಮಳೆಗಾಲ. ಇಲ್ಲಿಯೂ ಒಂದು ಬರಹದ ಜಾಗಕ್ಕೆ ಇನ್ನೊಂದು ಬರುತ್ತಿದೆಯಲ್ಲ! ‘ಆದೇಶಕ’ ಎಂದುಬಿಡುವ ಆಸೆಯಾಯಿತು, ಆದರೆ ಅಪ್ಪಣೆ ಕೊಡುವವನೆಂದು ಓದುತ್ತಾರೆಂದು ಕೈಬಿಟ್ಟೆ.

ಪಾಠ ಮಾಡುವವರು ತರಗತಿಯಲ್ಲಿ ಏನೆನ್ನುತ್ತೀರಿ? ‘ಭಾಷಾಂತರಕ’ ಎಂದರೆ ಮಕ್ಕಳಿಗೆ ಹೊಳೆಯುತ್ತದೆಯೇ, ಇಲ್ಲ ‘ಟ್ರಾನ್ಸ್‌ಪೈಲರ್’ ಎಂದೇ ಅಚ್ಚು ಹಾಕಿಸಲೇ?